ಗುರುತಿನ ಕಲೆ, ಎರಡು

ಹಕ್ಕಿ ತಣ್ಣಗಾಗಿ ಒಂದು ರಾತ್ರಿ ಕಳೆದಿತ್ತು,
ಆದರೂ ರೆಕ್ಕೆ ಬಿಟ್ಟಿರಲಿಲ್ಲ ಅದು.
ಗರಿಯ ಎಳೆಗೂ ಎಳೆಗೂ ನಡುವಿನ ಓಣಿಯಲ್ಲಿ
ಉದ್ದಕ್ಕೆ ಮಲಗಿತ್ತು, ಭತ್ತದ ಸುಂಕಿನ ಹಾಗೆ.
ಊದಿದೆ. ಹಾರಲಿಲ್ಲ.

ಚಮನ್‌ಸಾಬ್ ತಂದಿದ್ದ ಪಾರಿವಾಳ.
ಹಳೇ ಪೇಪರಿನಲ್ಲಿ, ಮಂಡಕ್ಕಿ ಕಟ್ಟಿದ ಹಾಗೇ, ಮೇಲೊಂದು ದಾರ.
‘ನಿಮ್ ಕಾಲೇಜಿನಾಗ ನೋಡ್ರಿ ಆಪಾ,
ಯಾವ ರೋಗ ಬಡಿದೈತಿ ಇದಕ್ಕ.’
ರೋಗ ಸಿಗಲಿಲ್ಲ. ಹೇನು ಸಿಕ್ಕಿತು.

ಇಪ್ಪತ್ತೆರಡು ವರ್ಷದಿಂದ ಪ್ರಾಣಿಶಾಸ್ತ್ರದ ಅಟೆಂಡರ್ ನಾನು.
ಗಾಜು ಒರೆಸುವುದು, ಜಿರಲೆ ಎಣಿಸಿ ಕೊಡುವುದು,
ಫಾರ್ಮಲಿನ್ ವಾಸನೆಯಲ್ಲೇ ಬುತ್ತಿ ಬಿಚ್ಚುವುದು.
ಪಾಲಾಕ್ಷಮ್ಮ ಮೇಡಂ ಸ್ಟೂಲನ್ನು ಕಾಲಿಂದಲೇ ನನ್ನತ್ತ ತಳ್ಳಿದರು.
‘ಕೂತ್ಕೊ ಖೈರುನ್, ಇವತ್ತು ನೀನೇ ಗುರುತು ಹಿಡಿ.’

ಮೀಸೆ ಹೊರಗಿದೆಯೋ, ತಲೆಯಡಿ ಅಡಗಿದೆಯೋ?
ಕೋಳಿಯ ಹೇನು ಅಡಗಿಸಿಡುತ್ತದಂತೆ, ಕೆನ್ನೆಯ ಕೆಳಗಿನ ಹಳ್ಳದಲ್ಲಿ.
ಇದರದು ಹೊರಗೇ. ಐದು ಗೆಣ್ಣು.
ಎರಡು ಸಲ ಎಣಿಸಿದೆ, ಹೆದರಿಕೆಗೆ ಮೂರನೇ ಸಲವೂ.
ಸೊಂಟವಿಲ್ಲ. ಕತ್ತು ಹುಡುಕಬೇಕು.
ರೆಕ್ಕೆ? ಹಾರುವವರ ಮೈಮೇಲೆ ಹುಟ್ಟಿದವರಿಗೆ ರೆಕ್ಕೆ ಯಾಕೆ?
ಕಾಲಿನ ಕೊನೆಗೆ ಜೋಡಿ ಉಗುರು.
ಹೊಟ್ಟೆಯೊಳಗೆ ಕಪ್ಪಗೆ ತೋರುವುದು ರಕ್ತವಲ್ಲ,
ಜಗಿದು ನುಂಗಿದ ತುಪ್ಪಳ.
‘ಕುಡಿಯೋದಲ್ಲ ಇದು, ಅಗಿಯೋದು’ ಅಂದರು ಮೇಡಂ,
ಎಲೆಯಡಿಕೆ ಅಗಿಯುತ್ತಾ.

ಅಜ್ಜಿಯ ಸೀರಣಿಗೆ ನೆನಪಾಯಿತು.
ಭಟ್ಟಿಯ ಹಿಂದೆ, ಹೊಟ್ಟಿನ ರಾಶಿಗೆ ಬೆನ್ನು ಕೊಟ್ಟು,
ಅವಳ ತೊಡೆಯ ಮೇಲೆ ನನ್ನ ತಲೆ.
ಉಗುರಿಗೆ ಉಗುರು, ಟಕ್.
ಎರಡೇ ಜಾತಿ ಅವಳಿಗೆ, ಹೇನು ಮತ್ತು ಸೀರು.
ಪಾರಿವಾಳಕ್ಕೆ ಅಜ್ಜಿ ಇಲ್ಲ, ಕೊಕ್ಕಿದೆ.
ಮೇಲ್ಕೊಕ್ಕಿನ ತುದಿ ಒಂದಿಷ್ಟು ಇಳಿದಿರುತ್ತದೆ,
ಅದೇ ಅದರ ಉಗುರು, ಅದರ ಸೀರಣಿಗೆ.
ಪೇಪರು ಬಿಚ್ಚಿ ಮತ್ತೆ ನೋಡಿದೆ.
ಚಮನ್‌ಸಾಬನ ಹಕ್ಕಿಗೆ ಆ ತುದಿ ಮುರಿದಿತ್ತು.

ಬೆಳಕನ್ನು ಹಣೆಗೆ ಹೊಂದಿಸಿದೆ.
ಅಲ್ಲಿದ್ದವು ಎರಡು ಕೂದಲು.
ಕೂದಲೆನ್ನುವುದು ತಪ್ಪು, ಎರಡು ಚಪ್ಪಟೆ ಭರ್ಜಿ,
ತುಟಿಯ ಮೇಲಿನ ಬಿಲ್ಲೆಯಿಂದ ಮುಂದಕ್ಕೆ ಚಾಚಿ.
ಇಷ್ಟು ಸಣ್ಣವನಿಗೆ ಇಷ್ಟು ಸಿದ್ಧತೆ!
‘ಸಾಕು. ಕೊಲಂಬಿಕೋಲ’ ಅಂದರು.
‘ಪಾರಿವಾಳದಾಗೆ ಮನೆ ಮಾಡಿದವ ಅಂತ.’

ಹೆಸರೇ ವಿಳಾಸ.
ನಮ್ಮೋಣಿಗೆ ಸರ್ವೆಯವ ಬಂದು ಡೋರ್ ನಂಬರ್ ಕೇಳಿದಾಗ
ಅಬ್ಬಾ ಹೊಗೆಯ ಕಡೆ ಕೈ ತೋರಿಸಿದ್ದರು.
ಅವ ಮಸಿ ಮೆತ್ತಿದ ಕಾಗದದಲ್ಲಿ ಬರೆದುಕೊಂಡ,
ಮಂಡಕ್ಕಿ ಭಟ್ಟಿ, ದಾವಣಗೆರೆ.

ಹತ್ತನೇ ಕ್ಲಾಸಿನ ಅರ್ಜಿಯಲ್ಲೂ ಒಂದು ಸಾಲು,
ಗುರುತಿನ ಕಲೆ, ಎರಡು.
ಒಂದು ನನ್ನಲ್ಲಿತ್ತು: ಎಡ ಮುಂಗೈಗೆ ಕಾದ ಮರಳು ಸಿಡಿದದ್ದು.
ಎರಡನೆಯದಕ್ಕೆ ಮೇಷ್ಟ್ರು ನನ್ನ ಮುಖ ಅತ್ತಿತ್ತ ತಿರುಗಿಸಿ
ಗಂಟೆ ಬಾರಿಸಿದ್ದಕ್ಕೆ ಗಡಿಬಿಡಿಯಲ್ಲಿ
ಬಲಗಲ್ಲದ ಮೇಲೆ ಒಂದು ಮಚ್ಚೆ ಬರೆದರು.
ಇಲ್ಲದ ಮಚ್ಚೆ.
ನೌಕರಿ ಅದರ ಮೇಲೆ ಬಂತು, ಪಿಂಚಣಿಯೂ ಬಂದೀತು.
ಕನ್ನಡಿಯಲ್ಲಿ ಇನ್ನೂ ಒಮ್ಮೊಮ್ಮೆ ಹುಡುಕುತ್ತೇನೆ.
ಈ ಹೇನಿಗೆ ಎರಡೂ ನಿಜದವು.

ಸ್ಲೈಡಿಗೆ ಚೀಟಿ ಅಂಟಿಸಿದೆ. ಹಕ್ಕಿ, ತಾರೀಕು, ಊರು.
ಗುರುತಿಸಿದವರು ಎಂಬಲ್ಲಿ ಪೆನ್ನು ನಿಂತಿತು.
‘ಬರಿಯವ್ವ, ನಿಂದೇ’ ಅಂದರು ಮೇಡಂ.
ಖೈರುನ್ನಿಸಾ ಅಷ್ಟುದ್ದದ ಹೆಸರು,
ಕೊನೆಯ ಅಕ್ಷರ ಚೀಟಿಯಾಚೆ ಗಾಜಿನ ಮೇಲೆ ಹೋಯಿತು.

ಗೇಟಿನ ಹತ್ತಿರ ಚಮನ್‌ಸಾಬ್ ಕಾದಿದ್ದ.
ಉಳಿದವುಗಳ ಕೊಕ್ಕು ನೋಡಿಕೋ ಎಂದೆ.
‘ಹೇನು ಏಟು ದೊಡ್ಡದಿತ್ತು ಆಪಾ?’
ಉಗುರಿನ ಬಿಳಿ ತೋರಿಸಿದೆ. ಅವ ನಂಬಲಿಲ್ಲ.

ಸಂಜೆ ಸಿಟಿ ಬಸ್ಸಿನಲ್ಲಿ ತಲೆ ಕಡಿಯಿತು.
ಏನೂ ಇರಲಿಲ್ಲ ಅಲ್ಲಿ.
ಕೈ ಮಾತ್ರ ಹೋಗಿ ಬಂತು.