ರೋಟರ್

ಹೊಳೆಯಾಚೆ ಮೆರೆಡಿತ್‌ನ ಲ್ಯಾಂಡ್‌ರೋವರ್ ಕಳುವಾಯಿತು.
ಮರುದಿನ ಅವನು ಕೊಟ್ಟಿಗೆಗೆ ಹೊಸ ಬೀಗ ಜಡಿದ,
ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು.
ಅಂದಿನಿಂದ ನನ್ನ ಎಮ್ಲಿನ್‌ಗೆ ನಿದ್ದೆಯಿಲ್ಲ.

ನಮ್ಮದು ಎಪ್ಪತ್ತೊಂದರ ಗಾಡಿ. ಹಸಿರು, ಅಂದರೆ
ಪಾಚಿ ಎಲ್ಲಿ ಮುಗಿದು ಬಣ್ಣ ಎಲ್ಲಿ ಶುರುವೆಂದು
ಹೇಳಲಾಗದ ಹಸಿರು.
ಎಡಬಾಗಿಲಿಗೆ ದಾರವೇ ಚಿಲಕ.
ಇದನ್ನ್ಯಾರು ಕದೀತಾರೆ ಅಂದೆ.
ಬಿಚ್ಚಿ ಮಾರುತ್ತಾರಂತೆ: ಬಾನೆಟ್ಟು ಒಬ್ಬನಿಗೆ, ಬಾಗಿಲು ಇನ್ನೊಬ್ಬನಿಗೆ,
ಚಾಸಿ ಕಾರ್ಡಿಫ್‌ನಲ್ಲಿ ಹಡಗು ಹತ್ತುತ್ತದಂತೆ.

ಚಕ್ರಕ್ಕೆ ಸರಪಳಿ. ಸ್ಟಿಯರಿಂಗಿಗೆ ಹಳದಿ ಕೋಲು.
ಅಂಗಳಕ್ಕೆರಡು ಹೆಬ್ಬಾತು, ನನ್ನನ್ನೇ ಕಚ್ಚುವಂಥವು.
ಸಾಲದೆಂದು ದಿನಾ ರಾತ್ರಿ ಬಾನೆಟ್ಟೆತ್ತಿ
ಹೆಬ್ಬೆರಳಷ್ಟು ಕಂದು ತುಂಡೊಂದನ್ನು ಕಿತ್ತು ತರತೊಡಗಿದ.
ರೋಟರ್.
"ಇದಿಲ್ಲದೆ ಕಳ್ಳನ ಅಪ್ಪನಿಗೂ ಸ್ಟಾರ್ಟ್ ಆಗಲ್ಲ."
ದಿನಕ್ಕೊಂದು ಜಾಗ: ಟೀ ಡಬ್ಬಿ, ಬೂಟು, ನನ್ನ ಹೊಲಿಗೆ ಪೆಟ್ಟಿಗೆ.

ಮಾರ್ಚಿಯ ಹಿಮ. ಮೇಲಿನ ಬಯಲಲ್ಲಿ
ಕುರಿಯೊಂದು ಈಯಲಾಗದೆ ಬಿದ್ದಿದೆ.
ರೋಟರ್ ಎಲ್ಲಿ?
ಟೀ ಪುಡಿ ಚೆಲ್ಲಿದೆವು. ಬೂಟು ಕೊಡವಿದೆವು.
ಎಪ್ಪತ್ತಾರರ ಗಂಡ, ತನ್ನ ಮನೆಗೇ ಕನ್ನ ಹಾಕಿದವನ ಹಾಗೆ
ಮೊಣಕಾಲೂರಿ ಮಂಚದಡಿ ತಡಕಿದ.
ಆಮೇಲೆ ಟಾರ್ಚು ಹಿಡಿದು ನಡೆದೇ ಹೊರಟ.

ಗಾಡಿ ಅಂಗಳದಲ್ಲಿತ್ತು, ಭದ್ರವಾಗಿ.
ಯಾರೂ ಒಯ್ಯಲಾರರು. ನಾವೂ.

ಬೆಳಗಿನ ಜಾವ ಕೋಟಿನೊಳಗೆ ಮರಿಯೊಂದನ್ನು ಹೊತ್ತು ಬಂದ.
ಒಂದೇ. ತಾಯಿಯ ಮಾತು ನಾನು ಕೇಳಲಿಲ್ಲ.
ಒಲೆಯ ಬಳಿ ಕೂರಿಸಿ ಕೋಟು ಬಿಚ್ಚಿಸಿದೆ:
ಒಳಜೇಬಿನಲ್ಲಿ ರೋಟರ್,
ಮರಿಯಷ್ಟೇ ಬೆಚ್ಚಗೆ.

ಸಕ್ಕರೆ ಡಬ್ಬಿಯಲ್ಲಿತ್ತು ನೋಡು, ಅಂದೆ.
ನಾನೇ ಇಟ್ಟು ಮರೆತಿದ್ದೆ.