ನಾಲ್ಕೂ ಹತ್ತರ ಕುರ್ಚಿ

ಕ್ಲಾಕ್ಸ್‌ವೀಕಿನಲ್ಲಿ ಚಳಿಗಾಲದ ಹಗಲೆಂದರೆ
ಹತ್ತಕ್ಕೆ ಬಂದು ಮೂರಕ್ಕೆ ಹೊರಟುಬಿಡುವ ನೆಂಟ.
ಅವನನ್ನು ಕಾದು ಕೂತರೆ ಆಯಿತು ಕೆಲಸ.
ಆರಕ್ಕೆ ಮೀನಿನ ಕಾರ್ಖಾನೆಯ ಸೈರನ್ನು,
ನಾನು ಏಳುವುದು ನಾಲ್ಕೂ ಹತ್ತಕ್ಕೆ.

ಈಗ ಏಳುತ್ತೇನೆ. ಮೊದಲೆಲ್ಲ
ಹೊಸ ಅಗಸ ಗೋಣಿ ಎತ್ತೆತ್ತಿ ಒಗೆದ ಹಾಗೆ
ಜನವರಿಯ ಮೊದಲ ವಾರ ಎರಡೆರಡು ಗಂಟೆ ಮೊಣಕಾಲೂರಿ
ಊರಿಗೆ, ದೋಣಿಗೆ, ದೋಣಿಯ ಮೇಲಿನವರಿಗೆ,
ಕಂಡರಾಗದ ನಾದಿನಿಗೂ ಸೇರಿಸಿ ಬೇಡಿ,
ಎರಡನೆಯ ವಾರ ಕಂಬಳಿಯೊಳಗಿಂದಲೇ
'ಕರ್ತನೇ, ನಿನಗೆಲ್ಲ ಗೊತ್ತಲ್ಲ' ಎಂದು
ಮಗ್ಗುಲು ಬದಲಿಸಿದವಳು.
ಹೀಗೆ ಹನ್ನೊಂದು ಜನವರಿ.

ಕಾರ್ಖಾನೆಯಲ್ಲಿ ಹಾಜರಿ ಬರೆಯುತ್ತಿದ್ದವಳು ನಾನು.
ಯಂತ್ರಕ್ಕೆ ಕಾರ್ಡು ತೋರಿಸುವ ಕಾಲ ಬಂತು,
ನನ್ನ ಕೈಗೆ ಚೂರಿ ಬಂತು.
ಬರೆಯದೆ ಉಳಿದ ಪುಸ್ತಕಗಳು ಕಸಕ್ಕೆ ಹೊರಟಿದ್ದವು,
ಒಂದನ್ನು ಕೋಟಿನೊಳಗೆ ಅಡಗಿಸಿ ತಂದೆ
(ಕದ್ದೆ ಎಂದರೆ ಕದ್ದೆ. ಅದಕ್ಕೂ ಕ್ಷಮೆ ಬೇಡಿದ್ದೇನೆ).
ಮೊದಲ ಸಾಲಿನಲ್ಲಿ ಬರೆದೆ: ಎಲ್ಸ್ಪಾ.
ಕೆಳಗೆ ಮೂವತ್ತೊಂಬತ್ತು ಸಾಲು ಖಾಲಿ.

ಅಡುಗೆಮನೆಯ ಕುರ್ಚಿ, ಒಂದು ಕಾಲು ಗಿಡ್ಡ.
ಕುಳಿತೆ, ಓದಿದೆ, ಗೀಟೆಳೆದೆ.
ಕುಳಿತೆ. ಯಾರ ಮಗ ಯಾರೆಂಬ ಉದ್ದನೆಯ ಪಟ್ಟಿ,
ಕಾಡ್ ಮೀನಿನ ಪೆಟ್ಟಿಗೆ ಎಣಿಸುವಂತೆ
ಎಣಿಸಿ ಮುಗಿಸಿದೆ. ಗೀಟು.
ಕುಳಿತೆ, ತೂಕಡಿಸಿದೆ, ಹಣೆ ಮೇಜಿಗೆ ತಾಗಿತು,
ಬಾಗಿದ್ದು ಬಾಗಿದ್ದೇ ಎಂದು ಅದಕ್ಕೂ ಗೀಟು.

ಎಪ್ಪತ್ತೆಂಟಾದ ಭಾನುವಾರ
ಮಗುವನ್ನು ಕಂಕುಳಲ್ಲಿರಿಸಿಕೊಂಡು, ತಲೆ ಬಾಚದೆ,
ಎರಡನೆಯ ಕೀರ್ತನೆಯ ಹೊತ್ತಿಗೆ ಸಭೆಗೆ ಬಂದ
ಮಾರ್ಯುನಳನ್ನು ನೋಡಿದೆ.
ಒಳಗೊಳಗೇ ಅವಳ ಹೆಸರಿನ ಮುಂದೆ
ಸೊನ್ನೆ ಹಾಕಿದೆ.
ಹಾಕಿದ್ದು ನಾನು. ನೋಡಿದ್ದು ನೀನು.

ಅದೇ ಬುಧವಾರ ಚೂರಿ ಜಾರಿತು.
ಬಲಗೈಗೆ ಏಳು ಹೊಲಿಗೆ, ಬೂದುಗುಂಬಳದಂಥ ಪಟ್ಟಿ.
ಎಡಗೈಯಲ್ಲಿ ಎಳೆದ ಗೀಟು ಪಕ್ಕದ ಮನೆಗೆ ಹೋಯಿತು,
ಪೆನ್ನು ಎತ್ತಿಟ್ಟೆ.
ಬರೆಯುವುದಕ್ಕಿಲ್ಲ, ಕಾರ್ಖಾನೆಗಿಲ್ಲ,
ಮಲಗಿದ್ದರೆ ಕೇಳುವವರಿಲ್ಲ.

ನಾಲ್ಕೂ ಹತ್ತಕ್ಕೆ ಕಾಲು ತಾವೇ ನೆಲಕ್ಕಿಳಿದವು.
ಗುಡ್ಡದ ಮೇಲೆ ಮಂಜು ಕವಿದಾಗಲೂ
ಕುರಿಗಳು ಜಾಡು ಬಿಡುವುದಿಲ್ಲ.
ಭಕ್ತಿಯೇನಲ್ಲ, ಗೊರಸಿಗೆ ಗೊತ್ತು.
ಹಾಗೆ ಬಂದು ಕುಳಿತೆ.
ಬಾಯಿಗೆ ಮಾತು ಬರಲಿಲ್ಲ. ಗಾಯ ಮಿಡಿಯುತ್ತಿತ್ತು,
ಫ್ರಿಜ್ಜು ಗುಂಯ್ ಎನ್ನುತ್ತಿತ್ತು,
ಹೊರಗೆ ಗಾಳಿ ತಗಡಿನ ಸೂರನ್ನು ಪರೀಕ್ಷಿಸುತ್ತಿತ್ತು.
ತೋರಿಸಲು ಏನೂ ಇಲ್ಲದ ಆ ಹೊತ್ತಿನಲ್ಲಿ
ಯಾರೋ ಎದುರು ಕುಳಿತಿರಬಹುದೆಂದು
ಮೊದಲ ಸಲ ಅನ್ನಿಸಿತು.
ಅನ್ನಿಸಿತು ಅಷ್ಟೆ. ಆಣೆ ಹಾಕಲಾರೆ.

ಸಂಜೆ ಮಾರ್ಯುನ್ ಬಂದಳು, ಸಾರಿನ ಪಾತ್ರೆ,
ಕಂಕುಳಲ್ಲಿ ಅದೇ ಮಗು.
ನನ್ನ ಪಟ್ಟಿ ಬಿಚ್ಚಿ ಕಟ್ಟುತ್ತ ಹೇಳಿದಳು:
'ಇವನು ರಾತ್ರಿ ನಾಲ್ಕಕ್ಕೆ ಹಸಿದು ಏಳುತ್ತಾನೆ.
ಹಾಲೂಡಿಸುತ್ತ ಕಿಟಕಿಯಲ್ಲಿ ನೋಡಿದರೆ
ಊರಿಗೆ ಊರೇ ಕತ್ತಲು, ನಿನ್ನದೊಂದು ದೀಪ.
ಎಲ್ಸ್ಪಾ ಕೂತಿದ್ದಾಳೆ ಅಂದುಕೊಂಡು
ನಾನೂ ಅವನ ತಲೆಯ ಮೇಲೆ ಕೈಯಿಟ್ಟು
ನಾಲ್ಕು ಮಾತು ಬೇಡುತ್ತೇನೆ.
ಅಷ್ಟರಲ್ಲಿ ನಿದ್ದೆ ಬಂದುಬಿಡುತ್ತದೆ,' ಎಂದು ನಕ್ಕಳು.

ಸೊನ್ನೆಯ ವಿಷಯ ಅವಳಿಗೆ ಹೇಳಲಿಲ್ಲ.
ಸಾರು ಉಪ್ಪಾಗಿತ್ತು. ಪೂರ್ತಿ ಉಂಡೆ.

ಮಾರ್ಚಿನಲ್ಲಿ ಹೊಲಿಗೆ ಬಿಚ್ಚಿದರು.
ಬೆರಳು ಮಡಚಲು ಬಂದ ಮೊದಲ ದಿನ
ಹಾಜರಿ ಪುಸ್ತಕದ ರಟ್ಟು ಹರಿದು ನಾಲ್ಕು ಮಡಿಕೆ ಮಾಡಿ
ಕುರ್ಚಿಯ ಗಿಡ್ಡ ಕಾಲಿನಡಿ ಇಟ್ಟೆ.
ಒಳಗಿನ ಹಾಳೆಗಳು ಒಲೆ ಹೊತ್ತಿಸಲಿಕ್ಕಾದವು.

ಇಂದು ಎಚ್ಚರವಾದದ್ದು ಐದೂ ಇಪ್ಪತ್ತಕ್ಕೆ.
ನಾಚಿಕೆ ಪಡಲೂ ಪುರಸೊತ್ತಿಲ್ಲ.
ಕೋಟು ತೊಟ್ಟು, ಒಂದು ಬೂಟು ಕೈಯಲ್ಲಿ ಹಿಡಿದೇ
ಕುಳಿತೆ. ನಾಲ್ಕು ನಿಮಿಷ ಸಿಕ್ಕಿತು.
ಇಳಿಜಾರಿನ ಆಚೆ ಮಾರ್ಯುನಳ ದೀಪ
ಆಗಲೇ ಆರಿತ್ತು.
ಅವಳ ಪಾತ್ರೆ ಇನ್ನೂ ನನ್ನಲ್ಲೇ ಇದೆ,
ನಾಳೆಯಾದರೂ ಕೊಟ್ಟು ಬರಬೇಕು.