ನಾಲ್ಕನೆಯ ಹೆಸರು

ನಮ್ಮಲ್ಲಿ ಮದುವೆಗೆ ಮೊದಲು ಎಣಿಸುತ್ತಾರೆ.
ಹುಡುಗನ ಏಳು ತಲೆ, ಹುಡುಗಿಯ ಏಳು ತಲೆ,
ತಂದೆ, ತಂದೆಯ ತಂದೆ, ಅವನ ತಂದೆ,
ಬಾರ್ಲಿಯ ತೆನೆ ಬಿಡಿಸಿದ ಹಾಗೆ ಒಂದೊಂದೇ.
ಎಲ್ಲಾದರೂ ಒಂದೇ ಹೆಸರು ಎರಡೂ ಕಡೆ ಸಿಕ್ಕಿತೋ,
ಎದ್ದು, ಹೊದ್ದ ಗಾಬಿ ಕೊಡವಿಕೊಂಡು, ಹೊರಟೇಬಿಡುವುದು.

ಲಾಸ್ತಾದ ಈ ಗುಡ್ಡದ ಮೇಲೆ ಎಣಿಸುವವನು ನಾನು.
ಅರವತ್ತು ವರ್ಷವಾಯಿತು. ಕಾಗದ ನೋಡಿದವನಲ್ಲ.
ಯಾರ ಮನೆಯ ಐದನೆಯ ಅಜ್ಜ ಯಾರ ಹೊಲದಂಚಿಗೆ ಕಲ್ಲು ನೆಟ್ಟ,
ಯಾರ ಆರನೆಯವನು ಕತ್ತೆ ಕಳೆದುಕೊಂಡು ಇಲ್ಲೇ ಉಳಿದ,
ಎಲ್ಲ ಈ ನಾಲಿಗೆಯ ಮೇಲೆ.

ಈ ಸಲ ನನ್ನ ಮೊಮ್ಮಗ ಅಸ್ರೇಸನದೇ ಸರದಿ.
ಹುಡುಗಿ ವುಬಾಲೆಮ್.
ದೇವಾಲಯದ ಕಲ್ಲುಗೋಡೆಯಾಚೆ, ಜುನಿಪರ್ ಮರದ ಬುಡದಲ್ಲಿ
ಒಂದು ಬೆಳಗು ಸಿಕ್ಕವಳು; ಕೊರಳಲ್ಲಿ ದಾರವಿರಲಿಲ್ಲ.
ಹೆಣ್ಣುಮಗುವಿಗೆ ಎಂಬತ್ತನೆಯ ದಿನ ದೀಕ್ಷಾಸ್ನಾನ.
ಹುಟ್ಟಿದ ದಿನ ಯಾರಿಗೆ ಗೊತ್ತು?
ಸಿಕ್ಕ ಬೆಳಗಿನಿಂದಲೇ ಎಣಿಸಿದಳು ಸಂನ್ಯಾಸಿನಿ ಫೆಲೆಕೆಚ್,
ದಿನಕ್ಕೊಂದು ಬೆಣಚುಕಲ್ಲು ಮಡಕೆಗೆ ಹಾಕುತ್ತ.
ನೀರಿನಿಂದೆತ್ತಿ, ಕಪ್ಪು ದಾರ ಕಟ್ಟಿ,
ವೆಲೆತ್ತೆ ಮರ್ಯಾಮ್ ಎಂದರು: ಮರಿಯಳ ಮಗಳು.

ನನ್ನ ತಮ್ಮ ಕೇಳಿದ, "ತಂದೆ?"
ಫೆಲೆಕೆಚ್ ಕಾಫಿ ಬಗ್ಗಿಸುತ್ತಿದ್ದಳು.
"ಹೇಳಿದೆನಲ್ಲ. ಮರಿಯಳ ಮಗಳು."
"ಅದು ಒಂದಾಯಿತು. ಉಳಿದ ಆರು?"
ಪಾದ್ರಿ ನಕ್ಕರು. "ಆ ಲೆಕ್ಕ ಹಿಡಿದರೆ ಊರೆಲ್ಲ ಒಡಹುಟ್ಟು,
ಯಾರಿಗೂ ಯಾರೂ ಸಿಗುವುದಿಲ್ಲ."
ಎಲ್ಲರೂ ನಕ್ಕರು. ವುಬಾಲೆಮ್ ನಗಲಿಲ್ಲ.

ಆಗ ತಮ್ಮ ಒಳಗಿನ ಮಾತು ತೆಗೆದ, ದನಿ ತಗ್ಗಿಸಿ:
"ಕೀಳು ಅಂತಲ್ಲ. ಗೊತ್ತಿಲ್ಲದವಳು ಯಾರ ಮಗಳೂ ಆದಾಳು.
ನಮ್ಮವಳೇ ಆಗಿಬಿಟ್ಟರೆ?"

ನಮ್ಮವಳೇ ಆಗಿಬಿಟ್ಟರೆ.
ಇಷ್ಟು ವರ್ಷ ನಮ್ಮ ಬಾಗಿಲ ಮುಂದೆಯೇ ನೀರು ಹೊತ್ತಳು,
ಒಬ್ಬರಿಗೂ ಈ ಭಯ ಬಂದಿರಲಿಲ್ಲ.

ಗೆನ್ನಾ ಹಬ್ಬದ ಇರುಳು ಓದುತ್ತಾರೆ ಹೆಸರುಗಳ ಆ ಉದ್ದ ಸಾಲು,
ನಿಂತು ನಿಂತು ಮೊಣಕಾಲು ಮರಗಟ್ಟುವ ತನಕ.
ನಾನದನ್ನು ಕಸುಬುದಾರನ ಕಿವಿಯಿಂದ ಕೇಳುತ್ತೇನೆ.
ಅವನಿಗೆ ಇವನು, ಇವನಿಗೆ ಇನ್ನೊಬ್ಬನು,
ನಡುವೆ ಮುಸುಕು ಹಾಕಿ ದಾರಿಯಲ್ಲಿ ಮಾವನನ್ನು ಕಾದವಳು,
ಕೋಟೆಗೋಡೆಯ ಮೇಲಿನ ಮನೆಯವಳು,
ಅತ್ತೆಯ ಸೆರಗು ಹಿಡಿದು ಬಂದ ಪರದೇಶದ ವಿಧವೆ,
ಇನ್ನೊಬ್ಬನ ಹೆಂಡತಿ ಎಂದೇ ಕರೆಸಿಕೊಂಡವಳು.
ನಾನಾಗಿದ್ದರೆ ನುಂಗಿಬಿಡುತ್ತಿದ್ದೆ.
ಓದುವವರು ದನಿ ತಗ್ಗಿಸುವುದಿಲ್ಲ.
ಕೊನೆಗೆ, ಅಷ್ಟೆಲ್ಲ ರಕ್ತ ಇಳಿದಿಳಿದು ಬಂದು
ಒಬ್ಬ ಬಡಗಿಯ ಹೊಸ್ತಿಲಲ್ಲಿ ನಿಂತುಬಿಡುತ್ತದೆ.
ಮಗು ಅವನದಲ್ಲ.
ಎತ್ತಿಕೊಳ್ಳುತ್ತಾನೆ, ಹೆಸರಿಡುತ್ತಾನೆ. ಅಷ್ಟೆ.
ದಾವೀದನ ಮನೆತನ ಆ ಎರಡು ತೋಳಿನ ಮೇಲೆ ದಾಟಿತು.

ನದಿಯ ಮೂಲ ಕೇಳಬಾರದಂತೆ.
ತೆಕೆಜೆ ಹುಟ್ಟುವುದು ನಮ್ಮ ಸೀಮೆಯಲ್ಲೇ, ನೋಡಿದ್ದೇನೆ:
ಅಂಗೈಯಗಲ ಕೆಸರು, ಅದರಲ್ಲೊಂದು ಗೊರಸಿನ ಗುರುತು.

"ಹುಡುಗನ ಕಡೆಯದು ಎಣಿಸು," ಎಂದರು ಪಾದ್ರಿ.
ಎದ್ದು ನಿಂತೆ. ಅವನಪ್ಪ ಮೆಕೊನ್ನೆನ್. ಆಮೇಲೆ ನಾನು. ನನ್ನಪ್ಪ ತಫೆರೆ.
ನಾಲ್ಕನೆಯದಕ್ಕೆ ಬಾಯಿ ತೆರೆದೆ.

ಸಾಯುವ ಹಿಂದಿನ ದಿನ ಅಪ್ಪ ಕಿವಿಯಲ್ಲಿ ಹೇಳಿದ್ದ:
ಉಪ್ಪಿನ ಹೇಸರಗತ್ತೆಯ ಬಾಲ ಹಿಡಿದು ಬಂದ ಹುಡುಗ ನಾನು,
ನೀನು ಅಜ್ಜನೆಂದು ಹೇಳುವ ಹೆಸರು ಕತ್ತೆಯ ಒಡೆಯನದು,
ಅದರ ಮೇಲಿನವೂ ಅವನವೇ.
ಹೇಳುತ್ತಿರು. ಜನಕ್ಕೆ ಒಂದು ಹೆಸರು ಬೇಕು.

ಹೇಳುತ್ತ ಬಂದೆ. ಎಷ್ಟು ಮದುವೆ ಮುರಿದೆ ಈ ನಾಲಿಗೆಯಿಂದ.

"ಗೊತ್ತಿಲ್ಲ," ಎಂದೆ.

ತಮ್ಮನ ಬಟ್ಟಲು ತುಟಿಯ ಹತ್ತಿರವೇ ನಿಂತಿತು;
ಅದು ಅವನಜ್ಜನೂ ಹೌದು.
ವುಬಾಲೆಮ್ ಮೊದಲ ಸಲ ತಲೆಯೆತ್ತಿ ನನ್ನನ್ನೇ ನೋಡಿದಳು.
ಫೆಲೆಕೆಚ್ ನನ್ನ ಕಾಫಿಗೆ ಒಂದೆಳೆ ಸೊಪ್ಪು ಅದ್ದಿಕೊಟ್ಟಳು,
ನಮ್ಮಲ್ಲಿ ಆ ಗಿಡಕ್ಕೆ ಆದಾಮನ ಆರೋಗ್ಯ ಎಂದು ಹೆಸರು.
ಕಹಿ ಇತ್ತು.

ಐದನೆಯದನ್ನು ಯಾರೂ ಕೇಳಲಿಲ್ಲ.